ಭಾನುವಾರದ ಬಾಗಿಲು

ಮುರಳಿಕೃಷ್ಣ ಕಂಪ್ಯೂಟರ್ ಡಬ್ಬದ ಪಕ್ಕದ ತಗಡನ್ನು ಮಂಡಿಯಿಂದ ಒತ್ತಿ ಹಿಡಿದು ಸ್ಕ್ರೂ ಹಾಕಲು ಹೋದ. ಒಳಗಿನಿಂದ ಕಿರ್ರೆಂದು ಸದ್ದು ಬಂತೇ ಹೊರತು ತಗಡು ಮುಚ್ಚಿಕೊಳ್ಳಲಿಲ್ಲ. ತೆಗೆದು, ತಿರುಗಿಸಿ, ಮತ್ತೆ ಒತ್ತಿದ. ಊಹೂಂ. ಯಂತ್ರ ಕಾಯದಿರಲೆಂದು ಬೆಂಗಳೂರಿನಿಂದ ಆಸೆಪಟ್ಟು ತಂದ ತಾಮ್ರದ ಕೂಲರ್ ಡಬ್ಬದ ಅಂಚಿನಿಂದ ಒಂದು ಹೆಬ್ಬೆರಳಿನಷ್ಟು ಆಚೆ ಚಾಚಿಕೊಂಡು ನಿಂತಿತ್ತು. ಮೂರು ತಿಂಗಳು ಹುಡುಕಿ ಆರಿಸಿದ ವಸ್ತು. ಅವನಿಗೆ ಅಳು ಬರುವುದೊಂದು ಬಾಕಿ.

ಹೆಣ್ಣು ನೋಡಲು ಹೋದಾಗಲೂ ಅವನು ಇಷ್ಟು ತಲೆ ಕೆಡಿಸಿಕೊಂಡಿರಲಿಲ್ಲ. ಇಪ್ಪತ್ತೇಳು ವರ್ಷದ ಗಂಡಸು. ಗಡಿಯಾಚೆ ತಮಿಳು ಸೀಮೆಗೆ ಸೇರಿದ ತಳಿ ಎಂಬ ಊರಿನ ಹತ್ತಿರದ ಗುಲಾಬಿ ತೋಟದಲ್ಲಿ ಕೋಲ್ಡ್ ರೂಮ್ ನೋಡಿಕೊಳ್ಳುವ ಕೆಲಸ, ತಳಿಯಲ್ಲೇ ಒಂದು ಬಾಡಿಗೆ ಕೋಣೆ, ಆ ಕೋಣೆಯಲ್ಲಿ ಒಂದು ವರ್ಷದಿಂದ ಒಂದೊಂದೇ ಭಾಗ ತಂದು ತಾನೇ ಜೋಡಿಸಿದ ಕಂಪ್ಯೂಟರ್. ಅದರಲ್ಲಿ ಕಾರ್ ರೇಸ್ ಆಡುವುದೆಂದರೆ ಅವನಿಗೆ ಊಟ ನಿದ್ದೆ ಬೇಡ. ಆದರೆ ರೇಸ್ ಶುರುವಾಗಿ ಹನ್ನೊಂದನೆಯ ನಿಮಿಷಕ್ಕೆ ಸರಿಯಾಗಿ ಪ್ರೊಸೆಸರ್ ಕಾದು ಕೆಂಡವಾಗಿ, ಯಂತ್ರ ತನ್ನಷ್ಟಕ್ಕೆ ತಾನೇ ಆರಿಹೋಗುತ್ತಿತ್ತು. ಪ್ರೊಸೆಸರಿನ ಜೊತೆ ಬಂದ ಪುಟ್ಟ ಫ್ಯಾನಿಗೆ ಅದನ್ನು ತಣ್ಣಗಿಡುವ ತಾಕತ್ತಿರಲಿಲ್ಲ. ಹನ್ನೆರಡನೆಯ ನಿಮಿಷ ಹೇಗಿರುತ್ತದೆಂದು ಅವನು ಈವರೆಗೆ ಕಂಡೇ ಇರಲಿಲ್ಲ.

ಅಂಗಡಿಯವನು ತೋರಿಸಿದ್ದು ಮೂರು ಬಗೆಯ ಕೂಲರ್. ಸೇವಂತಿಯಂತೆ ಸುತ್ತಲೂ ಎಸಳು ಬಿಚ್ಚಿಕೊಂಡ ಅಲ್ಯುಮಿನಿಯಮ್ಮಿನದು ಒಂದು. ಅದರ ಫ್ಯಾನಿನ ಸದ್ದಿಗಿಂತ ಹಿಟ್ಟಿನ ಗಿರಣಿಯೇ ವಾಸಿ ಅನ್ನಿಸಿತು. ನೀರು ಓಡಿಸಿ ತಣ್ಣಗಿಡುವುದು ಇನ್ನೊಂದು. ಕರೆಂಟಿನ ಮಗ್ಗುಲಲ್ಲಿ ನೀರು ಯಾರಿಗೆ ಬೇಕು ಎಂದು ಅವನು ಅದನ್ನು ಮುಟ್ಟಿಯೂ ನೋಡಲಿಲ್ಲ. ಮೂರನೆಯದೇ ಈ ತಾಮ್ರದ್ದು. ನಾಲ್ಕು ಬಾಗಿದ ಕೊಳವೆ, ಅವುಗಳ ಮೇಲೆ ಒತ್ತಾಗಿ ಪೋಣಿಸಿದ ತೆಳ್ಳನೆ ತಗಡುಗಳು, ಅಂಗಡಿಯ ದೀಪದಲ್ಲಿ ಹೊಸ ಕೊಡದ ಹಾಗೆ ಹೊಳೆಯುತ್ತಿತ್ತು. ನೋಡಿದೊಡನೆ ಮನಸ್ಸು ಸೋತಿತು. ಅಳತೆ ಕೇಳಬೇಕೆಂಬುದೇ ಹೊಳೆಯಲಿಲ್ಲ.

ಹೊಸೂರಿನ ಕಾರ್ಖಾನೆಯಲ್ಲಿ ಲೇತ್ ಓಡಿಸುವ ಗೆಳೆಯ ತಿಲಕನಿಗೆ ಫೋನ್ ಹಚ್ಚಿದ.

"ಹಿಡೀತಿಲ್ಲ ಕಣ್ಲಾ."

"ಅಳತೆ ನೋಡ್ದೆ ತಂದ್ಯಾ? ನಾನು ಬಡ್ಕೊಳ್ಲಿಲ್ವಾ, ಮೊದ್ಲು ಡಬ್ಬದ ಅಳತೆ ತಗಾ ಅಂತ?"

"ನೀನು ಬಡ್ಕೊಂಡಿದ್ದು ನೀರಿಂದು ತಗಾ ಅಂತ."

"ಎಲ್ಡೂ ಹೇಳ್ದೆ. ಈಗೇನು, ತಗಡು ಹಾಕ್ದೆ ಹಂಗೇ ತೆರ್ದು ಮಡಿಕ್ಕೊ."

"ಈ ರೂಮಲ್ಲಿ ಹಲ್ಲಿ ಕಾಟ. ಒಂದು ಒಳಕ್ಕೆ ಬಿದ್ರೆ ಬೋರ್ಡೇ ಹೋಗ್ಬುಡ್ತದೆ."

ತಿಲಕ ನಕ್ಕ. ಕೂಲರ್ ಕೂರಿಸಲು ಅದಕ್ಕೆ ಮೇಣದಂಥ ಪೇಸ್ಟ್ ಹಚ್ಚಿದ ಮೇಲೆ ಅಂಗಡಿಯವನು ವಾಪಸ್ ತೆಗೆದುಕೊಳ್ಳುವುದಿಲ್ಲ ಎಂಬುದನ್ನೂ ನಗುತ್ತಲೇ ಹೇಳಿದ. ಮುರಳಿ ಫೋನ್ ಇಟ್ಟು, ತಾಮ್ರದ ಕೂಲರನ್ನು ಬಿಚ್ಚಿ ಅದರ ಪೆಟ್ಟಿಗೆಗೆ ಸೇರಿಸಿ, ಹಳೆಯ ಪುಟ್ಟ ಫ್ಯಾನನ್ನೇ ಮತ್ತೆ ಕೂರಿಸಿದ.

ತೋಟದಲ್ಲಿ ಆಗ ವರ್ಷದ ಸುಗ್ಗಿ. ಎರಡು ಸಾವಿರದ ಏಳರ ಫೆಬ್ರವರಿ ಆಗಷ್ಟೇ ಶುರುವಾಗಿತ್ತು. ಹದಿನಾಲ್ಕನೇ ತಾರೀಕಿನೊಳಗೆ ಹೊರದೇಶದವರಿಗೆಲ್ಲ ಕೆಂಪು ಗುಲಾಬಿ ತಲುಪಬೇಕು. ಬೆಳಗಿನ ಜಾವ ಕೊಯ್ದ ಮೊಗ್ಗುಗಳನ್ನು, ಗಿಡದಲ್ಲೇ ತೊಡಿಸಿದ್ದ ಬಿಳಿ ಬಲೆಯ ಟೋಪಿಯ ಸಮೇತ, ನೀರಿನ ಬಕೆಟ್ಟುಗಳಲ್ಲಿ ನಿಲ್ಲಿಸಿ ಕೋಲ್ಡ್ ರೂಮಿಗೆ ಸೇರಿಸುತ್ತಿದ್ದರು. ಒಳಗೆ ಮೂರು ಡಿಗ್ರಿ ಚಳಿ. ಆ ಚಳಿಯಲ್ಲಿ ಮೊಗ್ಗು ಮೊಗ್ಗಾಗಿಯೇ ಇರುತ್ತದೆ. ಅರಳಿದ ಹೂವನ್ನು ವಿಮಾನ ಹತ್ತಿಸುವವರಿಲ್ಲ.

ಆ ಕೋಣೆಯ ಬೀಗದ ಕೈ ಇದ್ದದ್ದು ಭದ್ರಮ್ಮನ ಸೊಂಟದಲ್ಲಿ. ಗುಮ್ಮಳಾಪುರದವಳು, ಅರವತ್ತು ದಾಟಿದವಳು, ಮುರಳಿಗೆ ಊರ ಸಂಬಂಧದಲ್ಲಿ ದೊಡ್ಡಮ್ಮ. ಅವನಿಗೆ ಈ ಕೆಲಸ ಸಿಕ್ಕಿದ್ದೇ ಅವಳು ಮ್ಯಾನೇಜರಿಗೆ ಹೇಳಿದ ಒಂದು ಮಾತಿನಿಂದ. ಓದು ಬರಹ ಇಲ್ಲ. ಆದರೆ ಯಾವ ಸಾಲಿನಲ್ಲಿ ಎಷ್ಟು ಬಕೆಟ್, ಯಾವುದು ಉದ್ದ ಕಡ್ಡಿಯದು, ಯಾವುದು ಗಿಡ್ಡದು ಎಂದು ನಿಂತಲ್ಲೇ ಒಪ್ಪಿಸುತ್ತಿದ್ದಳು. ಆಫೀಸಿನ ಗುಮಾಸ್ತ ತನ್ನ ಪುಸ್ತಕದಲ್ಲಿ ಅನುಮಾನ ಬಂದರೆ ಅವಳನ್ನು ಕೇಳಿ ತಿದ್ದಿಕೊಳ್ಳುತ್ತಿದ್ದ. "ಪುಸ್ತಕ ನೆನೀತದೆ, ಹರೀತದೆ. ಇದು ನೆನೆಯಲ್ಲ," ಎಂದು ಹಣೆ ಬಡಿದು ತೋರಿಸಿ ಅವಳು ನಗುತ್ತಿದ್ದಳು. ತೋಟದಲ್ಲಿ ಅವಳಿಗಿದ್ದ ಗೌರವವೆಲ್ಲ ಆ ನೆನಪಿನದು, ಅದು ಅವಳಿಗೂ ಗೊತ್ತಿತ್ತು.

ಬಾಗಿಲು ಮುಚ್ಚುವುದಕ್ಕೂ ಅವಳದೇ ಒಂದು ಕ್ರಮ. ಕೊನೆಯ ಬಕೆಟ್ ಒಳಗಿಟ್ಟು ಬಂದು, ದಪ್ಪ ಬಾಗಿಲನ್ನು ಭುಜದಿಂದ ತಳ್ಳಿ, ಹಿಡಿ ಕೆಳಗೊತ್ತಿ, ಎರಡು ಸಲ ಜಗ್ಗಿ ನೋಡಿ, ಆಫೀಸಿನ ಕಡೆ ತಿರುಗಿ "ಬಾಗ್ಲಾಯ್ತೂ!" ಎಂದು ಕೂಗುವಳು. ಒಳಗಿದ್ದವರು "ಆಯ್ತು" ಅನ್ನಬೇಕು. ಒಂಬತ್ತು ವರ್ಷದಿಂದ ನಡೆದು ಬಂದದ್ದು. ಸಂಜೆ ಕೊನೆಯ ಸಲ ಥರ್ಮಾಮೀಟರ್ ನೋಡಿ ಬೀಗ ಒತ್ತುವುದು ಮಾತ್ರ ಡ್ಯೂಟಿಯವನ ಕೆಲಸ. ಯಾರಾದರೂ "ಆಯ್ತು" ಅನ್ನದಿದ್ದರೆ ಅವಳು ಆಫೀಸಿನ ಬಾಗಿಲಿಗೇ ಬಂದು ನಿಂತು ಬೈಯುತ್ತಿದ್ದಳು.

ಶನಿವಾರ ಮಧ್ಯಾಹ್ನ ಮುರಳಿ ಜರ್ಕಿನ್ ಹಾಕಿಕೊಂಡು ಕೋಲ್ಡ್ ರೂಮಿನೊಳಗೆ ಥರ್ಮಾಮೀಟರ್ ನೋಡುತ್ತ ನಿಂತಿದ್ದ. ಮೂರು. ಯಾವಾಗ ನೋಡಿದರೂ ಮೂರೇ. ಬಾಯಿಂದ ಹೊಗೆಯಂತೆ ಉಸಿರು ಬರುತ್ತಿತ್ತು. ಇದ್ದಕ್ಕಿದ್ದಂತೆ ಅವನಿಗೆ ನಗು ಬಂತು. ಐಟಿಐಯಲ್ಲಿ ಎರಡು ವರ್ಷ ತಣ್ಣಗೆ ಮಾಡುವುದನ್ನೇ ಕಲಿತು, ಅದರಿಂದಲೇ ಅನ್ನ ತಿನ್ನುವ ತಾನು ಅಂಗೈ ಅಗಲದ ತಂಪಿಗಾಗಿ ಬೆಂಗಳೂರಿನ ಅಂಗಡಿ ಅಂಗಡಿ ಅಲೆದೆನಲ್ಲ! ಇಡೀ ಊರಿಗೇ ಸಾಲುವಷ್ಟು ದೊಡ್ಡ ಕೂಲರ್ ಕಣ್ಣ ಮುಂದೆಯೇ ಇತ್ತು.

ಭಾನುವಾರ ಕೊಯ್ಲು ಮಧ್ಯಾಹ್ನಕ್ಕೇ ಮುಗಿಯಿತು. ಸೋಮವಾರ ಬೆಳಗಿನ ಲಾರಿಗೆ ಎಂಟು ಸಾವಿರ ಮೊಗ್ಗು ಒಳಗೆ ಸೇರಿದವು. ಒಂದು ಗಂಟೆಗೆ ಭದ್ರಮ್ಮ "ಬಾಗ್ಲಾಯ್ತೂ!" ಎಂದಳು. ಆಫೀಸಿನಲ್ಲಿ ಒಬ್ಬನೇ ಇದ್ದ ಮುರಳಿ "ಆಯ್ತು ದೊಡ್ಡಮ್ಮಾ" ಎಂದ. ಹೆಂಗಸರೆಲ್ಲ ಜೀಪು ಹತ್ತಿ ಹೋದ ಮೇಲೆ ಅವನು ಮೊಪೆಡ್ಡಿನಲ್ಲಿ ತಳಿಗೆ ಹೋಗಿ, ಗೋಣಿಚೀಲದಲ್ಲಿ ಸುತ್ತಿದ ಕಂಪ್ಯೂಟರನ್ನು ಎರಡು ಸಲಕ್ಕೆ ಸಾಗಿಸಿ ತಂದ. ಗೇಟಿನ ಕಾವಲಿನವನು ಯಾವುದೋ ಸ್ಪೇರ್ ಪಾರ್ಟ್ ಅಂದುಕೊಂಡು ಬೀಡಿ ಸೇದುತ್ತ ಕೂತಿದ್ದ.

ಡಬ್ಬವನ್ನು ಬಕೆಟ್ಟುಗಳ ನಡುವೆ ಸ್ಟೂಲಿನ ಮೇಲಿಟ್ಟ. ಟಿವಿಯಂಥ ಮಾನಿಟರ್, ಕೀಬೋರ್ಡ್, ಮೌಸ್ ಎಲ್ಲ ಹೊರಗೆ, ಹೂ ವಿಂಗಡಿಸುವ ಮೇಜಿನ ಮೇಲೆ. ನಾಲ್ಕು ವೈರು ಬಾಗಿಲ ಸಂದಿಯಲ್ಲಿ ಹಾದು ಬಂದವು. ಅವುಗಳ ದಪ್ಪಕ್ಕೆ ಹಿಡಿ ಬೀಳಲಿಲ್ಲ. ಬಾಗಿಲನ್ನು ಹಗ್ಗದಿಂದ ಬಿಗಿದು, ಸಂದಿಗೆ ಗೋಣಿಚೀಲ ತುರುಕಿದ. ಹೊರಗಿನ ಗಾಳಿ ಒಳಗೆ ನುಗ್ಗುತ್ತಿದ್ದರೆ ಏನಾಗುತ್ತದೆಂದು ಅವನಿಗೆ ಗೊತ್ತಿಲ್ಲದ್ದೇನಲ್ಲ, ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದ. ಒಂದು ಗಂಟೆ ತಾನೇ, ಎಂದುಕೊಂಡ.

ಹನ್ನೊಂದನೆಯ ನಿಮಿಷ ಬಂತು. ಹೋಯಿತು. ಹನ್ನೆರಡು, ಇಪ್ಪತ್ತು, ನಲವತ್ತು. ಯಂತ್ರ ಉಸಿರೆತ್ತದೆ ಓಡುತ್ತಿತ್ತು. ಅವನು ಈವರೆಗೆ ಕಂಡಿರದ ಬೆಟ್ಟದ ರಸ್ತೆಗಳು, ಸುರಂಗಗಳು, ಕಡಲ ಮೇಲಿನ ಸೇತುವೆಗಳು ಒಂದರ ಹಿಂದೊಂದು ತೆರೆದುಕೊಂಡವು. ಖಾಲಿ ಶೆಡ್ಡಿನಲ್ಲಿ ಒಬ್ಬನೇ ಕೂತು ಅವನು ಕೇಕೆ ಹಾಕಿದ. ಆ ಸುಖವನ್ನು ಯಾಕೆ ಮುಚ್ಚಿಡಬೇಕು, ಹುಟ್ಟಿದಾಗಿನಿಂದ ಅವನು ಅಷ್ಟು ಸಂತೋಷಪಟ್ಟಿದ್ದು ಅಪರೂಪ. ತಲೆ ಎತ್ತಿದಾಗ ಆರು ಗಂಟೆಯಾಗಿತ್ತು.

ಚಳಿಯಿಂದ ಬೆಚ್ಚನೆ ಗಾಳಿಗೆ ಬಂದ ಯಂತ್ರದ ಮೇಲೆ ಇಬ್ಬನಿ ಕೂರಬಾರದೆಂದು ಅವನು ಒಳಗೇ ಅದಕ್ಕೆ ಪ್ಲಾಸ್ಟಿಕ್ ಸುತ್ತಿ, ಮಗುವನ್ನು ಎತ್ತುವಂತೆ ಎತ್ತಿ ತಂದ. ಬಾಗಿಲನ್ನು ಒತ್ತಿ ಹಿಡಿ ಹಾಕಿ, ಬೀಗ ಒತ್ತಿದ. ಹೊರಬರುವಾಗ ಒಳಗಿನ ಥರ್ಮಾಮೀಟರ್ ಎಂಟು ತೋರಿಸಿತ್ತು. ಇನ್ನೇನು ಬಾಗಿಲು ಬಿತ್ತಲ್ಲ, ಇಳಿಯುತ್ತದೆ ಎಂದು ಗಾಡಿ ಹತ್ತಿದ.

ಸೋಮವಾರ ಬೆಳಿಗ್ಗೆ ಆರಕ್ಕೆ ಭದ್ರಮ್ಮ ಬೀಗ ತೆಗೆದಾಗ ಮುರಳಿ ಅವಳ ಹಿಂದೆಯೇ ಇದ್ದ. ಮುಖಕ್ಕೆ ಬಡಿಯಬೇಕಾದ ಚಳಿ ಬಡಿಯಲಿಲ್ಲ. ಬಂದದ್ದು ವಾಸನೆ. ಕೋಲ್ಡ್ ರೂಮಿನಲ್ಲಿ ಗುಲಾಬಿಗೆ ಎಂದೂ ವಾಸನೆ ಇರುತ್ತಿರಲಿಲ್ಲ. ಈಗ ಮದುವೆ ಮನೆಯ ಬಾಗಿಲು ತೆಗೆದಂತೆ ಘಮ್ಮೆಂದು ಹೊರಗೆ ನುಗ್ಗಿತು. ಭದ್ರಮ್ಮ ದೀಪ ಹಾಕಿದಳು. ಗೋಡೆಯಿಂದ ಗೋಡೆಗೆ ಎಂಟು ಸಾವಿರ ಗುಲಾಬಿ ಬಿರಿದು ನಿಂತಿದ್ದವು. ಬಲೆಯ ಟೋಪಿಯ ಕಣ್ಣುಕಣ್ಣುಗಳಿಂದ ಕೆಂಪು ದಳಗಳು ಒತ್ತರಿಸಿಕೊಂಡು ಈಚೆ ಬಂದಿದ್ದವು.

"ಅಯ್ಯೋ ನಮ್ಮಪ್ಪಾ," ಎಂದು ಭದ್ರಮ್ಮ ಅಲ್ಲೇ ಕುಸಿದು ಕೂತಳು.

ಅಷ್ಟು ಚೆಂದದ್ದನ್ನು ನೋಡಿ ಅಷ್ಟು ಹೆದರಿದ್ದು ಮುರಳಿಗೆ ಅದೇ ಮೊದಲು.

ಹೊಸೂರಿನಿಂದ ಮೆಕ್ಯಾನಿಕ್ ಬಂದು ಏಣಿ ಹತ್ತಿ ಒಳಗಿನ ಯಂತ್ರದ ಮುಚ್ಚಳ ಬಿಚ್ಚಿದ. ಕೊಳವೆಗಳೆಲ್ಲ ಒಂದೇ ಬಿಳಿ ಬಂಡೆಯಂತೆ ಮಂಜುಗಡ್ಡೆ ಕಟ್ಟಿ ಹೋಗಿದ್ದವು. ಅದರ ನಡುವೆ ಫ್ಯಾನು ತಿರುಗದೆ ಸಿಕ್ಕಿಕೊಂಡಿತ್ತು. "ಕದವು ರೊಂಬ ನೇರಂ ತೊರಂದಿರುಂದುಚ್ಚು ಸಾರ್," ಎಂದ. ಬಾಗಿಲು ತುಂಬ ಹೊತ್ತು ತೆರೆದಿದ್ದರಿಂದಲೇ ಹೀಗಾಗಿದೆ, ಹೊರಗಿನ ತೇವವೆಲ್ಲ ಕೊಳವೆಯ ಮೇಲೆ ಕೂತು ಗಡ್ಡೆಯಾಗಿದೆ, ಇದರಲ್ಲಿ ಎರಡು ಮಾತಿಲ್ಲ ಎಂದು ಹೇಳಿ ಅವನು ಏಣಿ ಇಳಿದ.

ಮ್ಯಾನೇಜರ್ ವೆಂಕಟರಮಣಪ್ಪ ಕೂಗಾಡುವವರಲ್ಲ. ಅವರು ಸುಮ್ಮನಿದ್ದಷ್ಟೂ ಎದುರಿಗಿದ್ದವರಿಗೆ ಭಯ ಹೆಚ್ಚು. ಹೆಂಗಸರೆಲ್ಲ ಗುಂಪಾಗಿ ನಿಂತಿದ್ದರು. ವೆಂಕಟರಮಣಪ್ಪ ಮುರಳಿಯ ಕಡೆ ತಿರುಗಿದರು.

"ನಿನ್ನೆ ಡ್ಯೂಟಿ ನಿಂದಲ್ವೇನಪ್ಪಾ? ಸಾಯಂಕಾಲ ನೀನು ಹೋಗೋವಾಗ ಬಾಗ್ಲು ಹೆಂಗಿತ್ತು?"

ಹೇಳಿಬಿಡಬೇಕೆಂದು ಅವನು ಬಾಯಿ ತೆರೆದ. ಬಂದ ಮಾತು ಬೇರೆ.

"ಸರಿಯಾಗಿ ಬಿದ್ದಿರ್ಲಿಲ್ಲ ಸಾರ್. ನಾನೇ ಒತ್ತಿ ಹಾಕ್ದೆ."

ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ತನ್ನ ಬಾಯಿಗೆ ಇಷ್ಟು ಜಾಣತನ ಎಲ್ಲಿಂದ ಬಂತೆಂದು ಅವನಿಗೇ ಗಾಬರಿಯಾಯಿತು.

ಭದ್ರಮ್ಮ ಎದ್ದು ನಿಂತಳು. "ನಾನು ಹಾಕ್ದೆ ಸಾರ್. ಎಲ್ಡು ಸಲ ಜಗ್ದೆ. ಕೂಗ್ದೆ." ಅವಳು ಮುರಳಿಯ ಕಡೆ ಭರವಸೆಯಿಂದ ನೋಡಿದಳು. "ಕೂಗಿದ್ನಲ್ಲ ಮಗಾ? ನೀನು ಆಪೀಸಲ್ಲಿದ್ದೆ. ಆಯ್ತು ದೊಡ್ಡಮ್ಮಾ ಅಂದಲ್ಲ?"

ಎಲ್ಲರ ಕಣ್ಣೂ ಅವನ ಮೇಲೆ. ಹೌದು ಎಂದರೆ ಮುಂದಿನ ಪ್ರಶ್ನೆ ಏನೆಂದು ಅವನಿಗೆ ಗೊತ್ತಿತ್ತು.

"ನೆಪ್ಪಿಲ್ಲ ದೊಡ್ಡಮ್ಮ," ಎಂದ.

ಅವಳು ಜಗಳವಾಡುತ್ತಾಳೆ, ಬೈಯುತ್ತಾಳೆ ಎಂದುಕೊಂಡಿದ್ದ. ಅವಳು ಬೈಯಲಿಲ್ಲ. ಅವನ ಮುಖವನ್ನೇ ನೋಡುತ್ತ ನಿಂತಳು. ನೋಡನೋಡುತ್ತ ಅವಳ ಮುಖದಲ್ಲಿ ಏನೋ ಸಡಿಲವಾಯಿತು.

"ನಿಂಗೆ ನೆಪ್ಪಿಲ್ಲಾಂದ್ರೆ ನಾನು ಕೂಗಿಲ್ಲ," ಎಂದಳು ಮೆಲ್ಲಗೆ. "ದಿನಾ ಕೂಗ್ತೀನಲ್ಲ, ಯಾವತ್ತಿಂದೋ ನೆನ್ನೇದು ಅಂದ್ಕೊಂಡಿವ್ನಿ. ನಮ್ಮಕ್ಕಂಗೂ ಹಿಂಗೇ ಸುರುವಾಗಿದ್ದು ಸಾರ್. ಮೊದ್ಲು ಬಾಗ್ಲು."

ಅವಳ ಅಕ್ಕ ರುಕ್ಮಿಣಮ್ಮನ ಕತೆ ಗುಮ್ಮಳಾಪುರದಲ್ಲಿ ಎಲ್ಲರಿಗೂ ಗೊತ್ತು. ಬಾಗಲೂರಿಗೆ ಕೊಟ್ಟಿದ್ದರು. ವಯಸ್ಸಾದ ಮೇಲೆ ಬಾಗಿಲು ಹಾಕುವುದು ಮರೆತಳು, ಒಲೆ ಮರೆತಳು, ಮಕ್ಕಳ ಹೆಸರು ಮರೆತಳು. ಐದು ವರ್ಷದ ಕೆಳಗೆ ಒಂದು ದಿನ ಮನೆಯಿಂದ ಎದ್ದು ನಡೆದವಳು ತಿರುಗಿ ಬರಲಿಲ್ಲ. ಮುರಳಿಯೂ ಆಗ ಹುಡುಕುವವರ ಜೊತೆ ಸೈಕಲ್ಲಿನಲ್ಲಿ ಬಾಗಲೂರಿನ ಸುತ್ತ ತಿರುಗಿದ್ದ. ಒಂಬತ್ತನೆಯ ದಿನ ಕೃಷ್ಣಗಿರಿಯ ಬಸ್ ಸ್ಟ್ಯಾಂಡಿನ ಪಕ್ಕ ಅವಳ ಹೆಣ ಸಿಕ್ಕಿತು. ಅಷ್ಟು ದಿನವೂ ಜನ ಅವಳನ್ನು ಯಾವೂರಮ್ಮ ಎಂದು ಕೇಳಿದ್ದರಂತೆ. ಹೇಳಲು ಅವಳಿಗೆ ತಿಳಿದಿರಲಿಲ್ಲ.

ವೆಂಕಟರಮಣಪ್ಪ ಭದ್ರಮ್ಮನ ಮುಖ ನೋಡದೆ ಮಾತಾಡಿದರು. "ಸ್ವಲ್ಪ ದಿನ ಮನೇಲಿರಮ್ಮ. ವಯಸ್ಸಾಯ್ತಲ್ಲ. ಬೀಗದ ಕೈ ಆಫೀಸಲ್ಲಿ ಕೊಟ್ಟೋಗು." ಅವಳು ಸೊಂಟದಿಂದ ಬೀಗದ ಕೈ ಬಿಚ್ಚಿ ಮೇಜಿನ ಮೇಲಿಟ್ಟಳು. ಅರಳಿದ ಹೂಗಳನ್ನು ಹೊಸೂರಿನ ಹೂಮಂಡಿಗೆ ತೂಕಕ್ಕೆ ಹಾಕಿದರು, ಉಳಿದದ್ದು ಗೊಬ್ಬರದ ಗುಂಡಿಗೆ ಹೋಯಿತು.

ಮುರಳಿ ಆ 'ನೆಪ್ಪಿಲ್ಲ'ವನ್ನು ಹೊತ್ತುಕೊಂಡು ಸೋಮವಾರ ಕಳೆದ, ಮಂಗಳವಾರ ಕಳೆದ. ಕಂಪ್ಯೂಟರಿನ ಸುತ್ತಿದ್ದ ಪ್ಲಾಸ್ಟಿಕ್ಕನ್ನು ಬಿಚ್ಚಲಿಲ್ಲ. ನಾಳೆ ಹೇಳಿದರಾಯಿತು, ಸುಗ್ಗಿ ಮುಗಿಯಲಿ, ಮ್ಯಾನೇಜರಿನ ಕೋಪ ತಣ್ಣಗಾಗಲಿ, ಆಮೇಲೆ ತಾನೇ ಮಾತಾಡಿ ಅವಳನ್ನು ಕೆಲಸಕ್ಕೆ ಕರೆಸಿದರಾಯಿತು ಎಂದು ಲೆಕ್ಕ ಹಾಕಿದ. ಅವನ ಪ್ರಕಾರ ಅವಳಿಗೆ ಹೋಗಿದ್ದು ಕೆಲಸ ಮಾತ್ರ. ಮಂಗಳವಾರ ತಿಲಕ ಫೋನ್ ಮಾಡಿ, ಅದೇ ತಾಮ್ರದ ಕೂಲರಿನಲ್ಲಿ ಗಿಡ್ಡದೊಂದು ಬಂದಿದೆ, ನಿನ್ನ ಡಬ್ಬಕ್ಕೆ ಹೇಳಿ ಮಾಡಿಸಿದ ಹಾಗಿದೆ ಎಂದ. ಮುರಳಿ ಫೋನ್ ಕಟ್ ಮಾಡಿದ.

ಬುಧವಾರ ಹೂ ವಿಂಗಡಿಸುವ ಹೆಂಗಸರು ಮಾತಾಡಿಕೊಳ್ಳುವುದು ಅವನ ಕಿವಿಗೆ ಬಿತ್ತು. ಭದ್ರಮ್ಮನಿಗೆ ಪೂರ್ತಿ ಹೋಗಿಬಿಟ್ಟಿದೆಯಂತೆ, ಸೊಸೆಯ ಹೆಸರನ್ನೇ ಕೇಳುತ್ತಾಳಂತೆ. ಮೂರು ದಿನದ ಹಿಂದೆ ಬಕೆಟ್ಟಿನ ಲೆಕ್ಕ ಪಟಪಟ ಒಪ್ಪಿಸಿದವಳು! ಮುರಳಿ ಮಧ್ಯಾಹ್ನದ ಊಟಕ್ಕೆಂದು ಹೊರಟವನು ಗಾಡಿಯನ್ನು ಗುಮ್ಮಳಾಪುರದ ದಾರಿಗೆ ತಿರುಗಿಸಿದ.

ಭದ್ರಮ್ಮ ಜಗಲಿಯ ಮೇಲೆ ಕೂತಿದ್ದಳು. ಬಿರುಬಿಸಿಲಿನಲ್ಲೂ ಸೆರಗನ್ನು ಎರಡೂ ತೋಳಿನ ಮೇಲೆ ಎಳೆದು ಹೊದ್ದುಕೊಂಡಿದ್ದಳು. ಪಕ್ಕದ ಗೋಡೆಯ ತುಂಬ ಇದ್ದಿಲಿನಿಂದ ಎಳೆದ ಗೀಟುಗಳು. ಅವಳು ಕಣ್ಣು ಕಿರಿದು ಮಾಡಿ ಅವನನ್ನು ನೋಡಿದಳು.

"ಮುರಳಿ. ಚೆನ್ನಮ್ಮನ ಮಗ. ಹೌದಾ? ಹೌದೋ ಅಲ್ವೋ ಹೇಳು."

"ಹೌದು ದೊಡ್ಡಮ್ಮ."

"ಸದ್ಯ." ಅವಳು ಇದ್ದಿಲು ತೆಗೆದುಕೊಂಡು ಗೋಡೆಯ ಮೇಲೆ ಇನ್ನೊಂದು ಗೀಟು ಎಳೆದಳು.

ಒಳಗಿನಿಂದ ಸೊಸೆ ಸುಷ್ಮಾ ಮಾತಾಡಿದಳು. ಕನಕಪುರದ ಕಡೆಯ ಹುಡುಗಿ. ಗಂಡ ಹೊಸೂರಿನ ಕಾರ್ಖಾನೆಯಲ್ಲಿದ್ದ. "ನೋಡಣ್ಣ, ಸೋಮವಾರದಿಂದ ಹಿಂಗೇ. ಹಸ ಕಟ್ಟಿದ್ದಕ್ಕೊಂದು ಗೀಟು, ಒಲೆ ಆರ್ಸಿದ್ದಕ್ಕೊಂದು. ಉಪ್ಪು ಹಾಕಿದ್ನಾ ಅಂತ ಹತ್ತು ಸಲ ಕೇಳಿ, ನಿನ್ನೆ ಸಾರು ಬಾಯಿಗಿಡೋ ಹಂಗಿರ್ಲಿಲ್ಲ. ನನ್ನ ಕೂರ್ಸ್ಕೊಂಡು ನೆಂಟರ ಹೆಸ್ರೆಲ್ಲ ಬಾಯಿಪಾಠ ಮಾಡಿಸ್ತಾರೆ. ನಾನು ಮರೆಯೋಕೆ ಮುಂಚೆ ನೀನು ಕಲ್ತುಬುಡು ಅಂತ."

ಮುರಳಿ ಜಗಲಿಯ ಕೆಳಗೆ ಮಣ್ಣಿನಲ್ಲೇ ಕೂತುಬಿಟ್ಟ. ಮೂರು ದಿನ ಅವನು ಲೆಕ್ಕ ಹಾಕಿದ್ದೆಲ್ಲ ಕೆಲಸದ್ದು, ಸಂಬಳದ್ದು. ಈ ಗೋಡೆ ಅವನ ಯಾವ ಲೆಕ್ಕದಲ್ಲೂ ಇರಲಿಲ್ಲ.

"ದೊಡ್ಡಮ್ಮ, ಬಾಗ್ಲು ನೀನು ಹಾಕಿದ್ದೆ."

ಅವಳು ಇದ್ದಿಲನ್ನು ಕೆಳಗಿಟ್ಟಳು.

"ಎಲ್ಡು ಸಲ ಜಗ್ಗಿ, ಬಾಗ್ಲಾಯ್ತು ಅಂತ ಕೂಗಿದ್ದೆ. ನಾನು ಆಯ್ತು ದೊಡ್ಡಮ್ಮಾ ಅಂದೆ. ಎಲ್ಲಾ ನೆಪ್ಪೈತೆ ನಂಗೆ. ಆಮೇಲೆ ಬಾಗ್ಲು ತೆಗ್ದಿದ್ದು ನಾನು."

"ನೀನ್ಯಾಕ್ಲಾ ತೆಗ್ದೆ?"

ಅವನು ಹೇಳಿದ. ಪ್ರೊಸೆಸರ್ ಕಾಯುವುದು, ತಾಮ್ರದ ಕೂಲರ್ ಹಿಡಿಸದೇ ಹೋದದ್ದು, ನಾಲ್ಕು ವೈರು, ಗೋಣಿಚೀಲ, ಕಾರ್ ರೇಸ್. ಹೇಳುತ್ತ ಹೇಳುತ್ತ ಅವನಿಗೇ ಅದೊಂದು ಹುಚ್ಚನ ಕತೆಯಂತೆ ಕೇಳಿಸಿತು.

"ಕಂಪೂಟ್ರಿಗೆ ಸೆಕೆ ಆಯ್ತದೆ ಅಂತ ಹೂವಿನ ಕ್ವಾಣೆಗೆ ತಂದ್ಯಾ?"

"ಹೂಂ."

"ಅದು ಹಾಳಾಗೋಗ್ಲಿ. ನಾನು ಕೂಗಿದ್ದು ನಿಂಗೆ ಕೇಳಿಸ್ತು?"

"ಕೇಳಿಸ್ತು."

"ನನ್ನಾಣೆ ಹೇಳು."

"ನಿನ್ನಾಣೆ ದೊಡ್ಡಮ್ಮ. ಕೇಳಿಸ್ತು."

ಭದ್ರಮ್ಮ ನಕ್ಕಳು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. "ನಾನು ಮರ್ತಿಲ್ಲ ಕಣ್ಲಾ! ನಂಗೇನೂ ಆಗಿಲ್ಲ!" ಎಂದು ಅವನ ಬೆನ್ನಿಗೆ ದಬದಬನೆ ಗುದ್ದಿದಳು. ಬೈಗುಳಕ್ಕೆ, ಶಾಪಕ್ಕೆ, ಚಪ್ಪಲಿ ಏಟಿಗೂ ತಯಾರಾಗಿ ಬಂದವನು ಅವಳ ಸಂತೋಷದ ಎದುರು ಬೆಪ್ಪಾಗಿ ಕೂತ. ಇದಕ್ಕಿಂತ ಅವಳು ಉಗಿದಿದ್ದರೆ ಎಷ್ಟೋ ಮೇಲಿತ್ತು.

"ನಾಳೆ ಮ್ಯಾನೇಜರ್‌ಗೂ ಹೇಳ್ತೀನಿ," ಎಂದ.

"ಹೇಳು, ಬಿಡು, ನಂಗೇನು. ಏ ಸುಷ್ಮಾ, ಬಾರೇ ಈಚೆಗೆ! ಇವ್ನೇನಂತಾನೆ ಕೇಳೇ! ಹೇಳ್ಲಾ, ಇವಳ ಮುಂದೆ ಇನ್ನೊಂದ್ಸಲ ಹೇಳು."

ಸುಷ್ಮಾ ಆಗಲೇ ಹೊಸ್ತಿಲಲ್ಲಿ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅವಳು ನಗಲಿಲ್ಲ. ಬಂದು ಅತ್ತೆಯ ಪಕ್ಕ ಕೂತು, ಎಡಗೈ ಮೇಲಿನ ಸೆರಗನ್ನು ಸರಿಸಿದಳು.

ಮುಂಗೈಯಿಂದ ಮೊಣಕೈವರೆಗೆ ತೋಳು ಬಾತುಕೊಂಡಿತ್ತು. ಕೆಂಪಗೆ ಉಬ್ಬಿದ ಚರ್ಮದ ಮೇಲೆ ಹಸಿರು ಹಚ್ಚೆಯ ಅಕ್ಷರಗಳು, ಮೂರು ಸಾಲು, ಒಂದೊಂದೂ ಬೆರಳಿನಷ್ಟು ದಪ್ಪ. ಅಲ್ಲಲ್ಲಿ ಇನ್ನೂ ಒಣಗದೆ ಜಿನುಗುತ್ತಿದ್ದವು.

"ನಿನ್ನೆ ಹೊಸೂರಿಗೆ ಆಸ್ಪತ್ರೆಗೆ ಅಂತ ಒಬ್ರೇ ಹೋದೋರು ಇದನ್ನ ಹಾಕಿಸ್ಕೊಂಡು ಬಂದವ್ರೆ," ಎಂದಳು ಸುಷ್ಮಾ. "ಅಕ್ಕನ ಹಂಗೆ ನಾನೂ ಎದ್ದು ಎಲ್ಲಾದ್ರೂ ಹೋದ್ರೆ, ಓದ್ದೋರು ಮನೆ ಸೇರಿಸ್ಲಿ ಅಂತ. ಬಸ್ಸಿನೋರು, ಪೊಲೀಸ್ನೋರು ಓದೋದು ತಮಿಳು ಅಂತ ತಮಿಳಲ್ಲೇ ಬರೆಸವ್ರೆ. ಬೇಕಾದ್ರೆ ಕ್ಯಾಮೆಗೆ ಬರ್ತದೆ ಅಂತ ಇವ್ರ ಮಗನ ಫೋನ್ ನಂಬ್ರು ಬೇರೆ."

ಮುರಳಿ ಕಣ್ಣು ಮುಚ್ಚಿದ. ತೆರೆದಾಗಲೂ ಆ ಅಕ್ಷರಗಳು ಅಲ್ಲೇ ಇದ್ದವು.

"ಬಿಡೇ," ಎಂದು ಭದ್ರಮ್ಮ ಸೆರಗು ಎಳೆದುಕೊಂಡಳು. ಅವಳ ಮುಖದಲ್ಲಿ ನಗು ಇನ್ನೂ ಪೂರ್ತಿ ಆರಿರಲಿಲ್ಲ. "ಹೋಗ್ಲಿ, ಆಗಿದ್ದಾಯ್ತು. ನಮ್ಮವ್ವನ ಕೈಯಲ್ಲೂ ಹಚ್ಚೆ ಇರ್ಲಿಲ್ವಾ?" ಏನೋ ಯೋಚಿಸಿ, ಸೆರಗನ್ನು ತಾನೇ ಮತ್ತೆ ಸರಿಸಿ ಕೈಯನ್ನು ಅವನ ಮುಂದೆ ನೀಡಿದಳು.

"ಓದ್ಲಾ ಮಗಾ. ನಂಗೆ ಯಾವ ಅಕ್ಷರನೂ ಬರಲ್ಲ, ಇವ್ಳಿಗೆ ತಮಿಳು ಬರಲ್ಲ. ನೀನು ತಮಿಳು ಇಸ್ಕೂಲಲ್ಲಿ ಓದ್ದೋನು. ಅವನು ಸರಿಯಾಗಿ ಬರ್ದವ್ನಾ ನೋಡು. ಅಷ್ಟು ನೋವು ತಿಂದಿವ್ನಿ."

ಅವನು ಓದಿದ. ಮೊದಲ ಸಾಲಿನಲ್ಲಿ ಅವಳ ಹೆಸರು. ಎರಡನೆಯದರಲ್ಲಿ ಊರು. ಒಂದೊಂದಕ್ಕೂ ಅವಳು "ಹೂಂ" ಎಂದು ತಲೆಯಾಡಿಸಿದಳು. ಮೂರನೆಯ ಸಾಲಿನ ಅಂಕಿಗಳನ್ನು ಅವನು ಒಂದೊಂದಾಗಿ ಹೇಳುತ್ತ ಹೋದ. ಅವಳ ತುಟಿಯೂ ಅವನ ಜೊತೆಗೇ ಅದನ್ನು ಹೇಳುತ್ತಿತ್ತು. ಒಂಬತ್ತು ಅಂಕಿಯಾದ ಮೇಲೆ ಅವನು ನಿಂತ. ಕೊನೆಯದರ ಮೇಲೆ ಚರ್ಮ ಉಬ್ಬಿ ಹೊಳೆಯುತ್ತಿತ್ತು. ಮೂರೋ ಎಂಟೋ ತಿಳಿಯಲಿಲ್ಲ. ಅವನು ಇನ್ನಷ್ಟು ಬಾಗಿದ. ಭದ್ರಮ್ಮ ಕೈಯನ್ನು ಜಗಲಿಯಾಚೆಯ ಬಿಸಿಲಿಗೆ ಚಾಚಿ, ಅವನಿಗೆ ಕಾಣುವಂತೆ ತಿರುಗಿಸಿ, ಅಲುಗಾಡದೆ ಹಿಡಿದುಕೊಂಡಳು.